ಮರಗಸಿ ವೇಳೆ ಕೈ ನರ ಕಡಿದರೆ ಮತ್ತೆ ಬೆಳೆಯುತ್ತಾ? ನರಕೋಶದ ಒಳಗೆ ನಡೆಯೋದೇನು

ಅತ್ತಿಗುಂಡಿ: ಮರಗಸಿ, ಮೆಣಸು ಕೊಯ್ಲು ಶುರುವಾದರೆ ತೋಟಗಳಲ್ಲಿ ಕತ್ತಿ ತಾಗೋದು, ಏಣಿ ಜಾರೋದು ಹೊಸದಲ್ಲ. ಗಾಯ ಮಾಯ್ದರೂ ಬೆರಳು ಮರಗಟ್ಟಿದ ಹಾಗೇ ಇದ್ದರೆ ಕಡಿದಿರೋದು ನರ ಅಂತ ಲೆಕ್ಕ. ಅದು ಮತ್ತೆ ಬೆಳೆಯುತ್ತಾ ಅನ್ನೋದಕ್ಕೆ ಉತ್ತರ ನರಕೋಶದ ಒಳಗಿನ ಕಟ್ಟಡದಲ್ಲಿದೆ.

ಬೆನ್ನುಹುರಿ ಹತ್ತಿರದ ಒಂದು ನರಕೋಶ ಕಾಲ್ಬೆರಳವರೆಗೆ ಒಂದೇ ಎಳೆ ಚಾಚುತ್ತದೆ. ಉದ್ದ ಹೆಚ್ಚುಕಡಿಮೆ ಒಂದು ಮೀಟರ್, ದಪ್ಪ ಕೂದಲಿಗಿಂತ ಎಷ್ಟೋ ಕಡಿಮೆ. ಈ ಎಳೆಗೆ ಆಕ್ಸಾನ್ ಅಂತ ಹೆಸರು. ಅದನ್ನು ಎತ್ತಿ ಹಿಡಿದಿರೋದು ಸೈಟೋಸ್ಕೆಲಿಟನ್, ಅಂದರೆ ಕೋಶದ ಅಸ್ಥಿಪಂಜರ. ಮೂಳೆಯಂತೆ ಗಟ್ಟಿ ಏನಲ್ಲ. ಪ್ರೋಟೀನ್ ಬಿಡಿಭಾಗಗಳು ಕೂಡುತ್ತಾ ಕಳಚುತ್ತಾ ಇರುವ ಕಟ್ಟಡ. ಉದ್ದಕ್ಕೂ ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಗಳು, ಅಗಲ 25 ನ್ಯಾನೋಮೀಟರ್. ಕೋಶ ತಯಾರಿಸಿದ ಸಾಮಾನು ತುದಿಗೆ ಸಾಗೋದು ಇದರ ಮೇಲೇ. ತುದಿಯಲ್ಲಿ ಆಕ್ಟಿನ್ ಎಳೆಗಳು. ಮೆಣಸಿನ ಬಳ್ಳಿಯ ಕುಡಿ ಮರ ಹುಡುಕುವ ಹಾಗೆ ಈ ತುದಿ ಸುತ್ತ ತಡಕಾಡಿ ದಾರಿ ಆರಿಸಿಕೊಳ್ಳುತ್ತದೆ. ಇದನ್ನು ಮೊದಲು ಗುರುತಿಸಿ 1890ರಲ್ಲಿ ವಿವರಿಸಿದ್ದು ಸ್ಪೇನಿನ ವಿಜ್ಞಾನಿ ರಾಮೋನ್ ಇ ಕಹಾಲ್.

ನಮ್ಮ ರಾಜ್ಯದಲ್ಲೇ ಈ ಬಗ್ಗೆ ಒಳ್ಳೆಯ ಕೆಲಸ ನಡೆದಿದೆ. ಸಿ.ವಿ. ರಾಮನ್ ಕಟ್ಟಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಾಟ್ ಅವರ ತಂಡ ಕೇಳಿದ ಪ್ರಶ್ನೆ ಸರಳ: ಇಷ್ಟು ತೆಳು ಎಳೆ ನಾವು ಕೈಕಾಲು ಮಡಿಸಿದಾಗೆಲ್ಲ ಯಾಕೆ ತುಂಡಾಗಲ್ಲ? ಮೊಣಕೈ ಮಡಿಸಿದರೆ ಹಿಂದಿನ ನರ ಎಳೆಯುತ್ತದಲ್ಲ (ತಾಗಿದರೆ ಜುಮ್ ಅನ್ನೋದು ಅದೇ).

ಕೋಳಿ ಭ್ರೂಣದ ನರಕೋಶ ಬೆಳೆಸಿ, ಅದರ ಎಳೆಯನ್ನು ಸಣ್ಣ ಗಾಜಿನ ನಾರಿನಿಂದ ಜಗ್ಗಿ ಬಿಗಿ ಅಳೆದರು. ಎಳೆದಷ್ಟೂ ಬಿಗಿ ಏರುತ್ತಲೇ ಹೋಗಲಿಲ್ಲ. ಎಳೆ ಮೆತ್ತಗಾಗಿ ಎಳೆತವನ್ನು ತಾನೇ ಹೀರಿಕೊಂಡಿತು. ಆಕ್ಸಾನ್‌ನ ಒಳಗೋಡೆಯಲ್ಲಿ ಸುಮಾರು 190 ನ್ಯಾನೋಮೀಟರಿಗೊಂದರಂತೆ ಆಕ್ಟಿನ್ ಬಳೆಗಳಿವೆ ಎಂದು ಅಮೆರಿಕದ ಷಿಯಾವೋವೈ ಝುವಾಂಗ್ ತಂಡ 2013ರಲ್ಲಿ ತೋರಿಸಿತ್ತು. ಬಳೆಗಳ ನಡುವಿನ ಕೊಂಡಿ ಸ್ಪೆಕ್ಟ್ರಿನ್ ಪ್ರೋಟೀನ್. ಜಗ್ಗಿದಾಗ ಅದರ ಮಡಿಕೆ ಬಿಚ್ಚುತ್ತದೆ, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತದೆ. ಬೈಕಿನ ಶಾಕ್ ಅಬ್ಸಾರ್ಬರ್ ಕೆಲಸವೇ. ಪುಣೆಯ ಐಸರ್‌ನ ಅರ್ಣವ್ ಘೋಷ್ ಮುಂತಾದವರ ಜತೆಗಿನ ಈ ಅಧ್ಯಯನ 2020ರಲ್ಲಿ ಈಲೈಫ್ ಪತ್ರಿಕೆಯಲ್ಲಿ ಬಂತು.

ಕೊಳವೆ ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಬೇಲಿಯಲ್ಲೇ ಇದೆ. ಗೌರಿ ಹೂವಿನ ಗೆಡ್ಡೆಯ ವಿಷ ಕಾಲ್ಚಿಸಿನ್ ಈ ಕೊಳವೆಗಳು ಕೂಡದಂತೆ ತಡೆಯುತ್ತದೆ. ಅಂಗಳದ ನಿತ್ಯಪುಷ್ಪದಿಂದ ಬರುವ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಮಾಡೋದೂ ಅದನ್ನೇ. ಕ್ಯಾನ್ಸರ್ ಕೋಶ ಒಡೆದು ಹೆಚ್ಚಾಗೋದು ನಿಲ್ಲುತ್ತದೆ, ಜತೆಗೆ ಕೆಲವರಿಗೆ ಕೈಕಾಲು ಜೋಮು ಹಿಡಿಯುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಬೇಕು, ತಾವಾಗಿ ಔಷಧ ನಿಲ್ಲಿಸಬಾರದು.

ಈಗ ತೋಟದ ಗಾಯಕ್ಕೆ ಬರೋಣ. ಕೈಕಾಲಿನ ನರ ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಲ್ಲಿ ಕಡಿದದ್ದು ಬೆರಳ ತುದಿ ಮುಟ್ಟಲು ಆರು ತಿಂಗಳಾದರೂ ಬೇಕು. ಜಜ್ಜಿದ ನರ ತಾನಾಗೇ ಸರಿಹೋಗಬಹುದು, ಪೂರ್ತಿ ತುಂಡಾದದ್ದಕ್ಕೆ ಹೊಲಿಗೆಯೇ ಗತಿ. ಚರ್ಮ ಮಾತ್ರ ಹೊಲಿಸಿಕೊಂಡು ಮನೆಗೆ ಬಂದು ವರ್ಷಗಟ್ಟಲೆ ಕಾಯೋದೇ ದೊಡ್ಡ ತಪ್ಪು. ನರದ ಸಂಪರ್ಕ ಒಂದು, ಒಂದೂವರೆ ವರ್ಷ ತಪ್ಪಿದ ಸ್ನಾಯು ಸೊರಗುತ್ತದೆ, ಆಮೇಲೆ ನರ ಬಂದು ತಲುಪಿದರೂ ಹೆಚ್ಚು ಉಪಯೋಗವಿಲ್ಲ. ಗಾಯವಾದ ದಿನವೇ ಬೆರಳಿಗೆ ಸ್ಪರ್ಶ ಗೊತ್ತಾಗ್ತಿದೆಯಾ, ಮಡಿಸೋಕೆ ಆಗುತ್ತಾ ಅಂತ ಡಾಕ್ಟರ ಹತ್ತಿರ ಕೇಳಿ ನೋಡಿಸಿಕೊಳ್ಳಬೇಕು.

ಬೆನ್ನುಹುರಿಯ ಲೆಕ್ಕ ಬೇರೆ. ಅಲ್ಲಿ ಕಡಿದ ಎಳೆ ಹೆಚ್ಚುಕಡಿಮೆ ಬೆಳೆಯೋದೇ ಇಲ್ಲ, ಸುತ್ತಲಿನ ಅಂಗಾಂಶವೇ ತಡೆಯುತ್ತದೆ. ಏಣಿಯಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬಾರದು ಅನ್ನೋದು ಇದಕ್ಕೇ. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಬೇಕು. ಸಾಗಿಸಲೇಬೇಕಾದರೆ ಕತ್ತು, ಬೆನ್ನು ತಿರುಚದಂತೆ ಹಲಗೆ ಮೇಲೆ.

ಹೊಲಿಗೆ ಹಾಕಿಸಿಕೊಂಡವರ ತೋಳನ್ನು ಡಾಕ್ಟರು ಬೆರಳಿಂದ ತಟ್ಟಿ ನೋಡ್ತಾರೆ. ಇದು ಟಿನೆಲ್ ಪರೀಕ್ಷೆ. ತಟ್ಟಿದಾಗ ಜುಮ್ ಅನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗೆ ಸರಿಯುತ್ತಿದ್ದರೆ, ನರದ ಕುಡಿ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ.