84ನೇ ಏರ್ ಡಿಪೋ (ಬೆಂಗಳೂರು)

84ನೇ ಏರ್ ಡಿಪೋ ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಾಯುಪಡೆಯು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಡೆಸಿದ ವಿಮಾನ ದುರಸ್ತಿ ಕೇಂದ್ರ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಈ ಕಾರ್ಖಾನೆಯನ್ನು ಸ್ಥಾಪಿಸಿದರು. ವಿಮಾನ ನಿರ್ಮಾಣವೇ ಇದರ ಮೂಲ ಉದ್ದೇಶವಾಗಿತ್ತು. ಜಪಾನ್ ಯುದ್ಧಕ್ಕಿಳಿದ ಬಳಿಕ, 1942ರಲ್ಲಿ ಬ್ರಿಟಿಷ್ ಭಾರತ ಸರ್ಕಾರವು ಆಡಳಿತವನ್ನು ವಹಿಸಿಕೊಂಡು, 1943ರಲ್ಲಿ ಕಾರ್ಖಾನೆಯನ್ನು ಅಮೆರಿಕನ್ನರ ವಶಕ್ಕೆ ಒಪ್ಪಿಸಿತು.

ಚೀನಾ–ಬರ್ಮಾ–ಭಾರತ ರಣರಂಗದ ಸಿ-47 ಸಾಗಣೆ ವಿಮಾನಗಳು, ಬಿ-24 ಬಾಂಬರ್‌ಗಳು ಹಾಗೂ ಕ್ಯಾಟಲಿನಾ ಜಲವಿಮಾನಗಳು ಇಲ್ಲಿ ದುರಸ್ತಿಗೊಂಡವು. ಹೊಸ ವಿಮಾನಗಳ ನಿರ್ಮಾಣ ಹಿಂದೆ ಸರಿದರೂ, ಇಲ್ಲಿನ ಕಾರ್ಮಿಕರಿಗೆ ಭಾರಿ ವಿಮಾನಗಳ ದುರಸ್ತಿಯ ಅನುಭವ ದೊರೆಯಿತು.

1945ರಲ್ಲಿ ಕಾರ್ಖಾನೆಯು ಭಾರತ ಸರ್ಕಾರಕ್ಕೆ ಮರಳಿತು. ಭಾರತದಲ್ಲಿಯೇ ವಿನ್ಯಾಸಗೊಂಡು ಇಲ್ಲಿ ನಿರ್ಮಾಣವಾದ ಎಚ್‌ಟಿ-2 ತರಬೇತಿ ವಿಮಾನವು ಮೊದಲ ಬಾರಿ ಹಾರಿದ್ದು 1951ರಲ್ಲಿ.