ಮುಳ್ಳು ವಾಲಿದ್ದು ಯಾರ ಕಡೆಗೆ?

ಬಾಯ್ಲರ್‌ಗಳ ಕಾಲದಲ್ಲಿ ಪಾಳಿ ಬದಲಾದ ಕೂಡಲೇ ಹೊಸದಾಗಿ ಬಂದವನು ಮಾಡಬೇಕಿದ್ದ ಮೊದಲ ಕೆಲಸ ಕಲ್ಲಿದ್ದಲು ಎತ್ತುವುದಾಗಿರಲಿಲ್ಲ, ಗಾಜಿನ ಕೊಳವೆಯೊಂದನ್ನು ಪರೀಕ್ಷಿಸುವುದಾಗಿತ್ತು. ಬಾಯ್ಲರ್ ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಆ ಗೇಜ್ ಗ್ಲಾಸಿಗೆ ಮೇಲೆ ಆವಿಯ ದಾರಿ, ಕೆಳಗೆ ನೀರಿನ ದಾರಿ, ತಳದಲ್ಲಿ ಹೊರಕ್ಕೆ ಬಿಡುವ ನಲ್ಲಿ. ತಳದ ನಲ್ಲಿ ತೆರೆದು ನೀರಿನ ದಾರಿ ಮುಚ್ಚಿದರೆ ಬರೀ ಆವಿ ಭುಸುಗುಡುತ್ತಾ ಬರಬೇಕು. ಆವಿಯ ದಾರಿ ಮುಚ್ಚಿ ನೀರಿನದು ತೆರೆದರೆ ನೀರೇ ಚಿಮ್ಮಬೇಕು. ಕೊನೆಗೆ ಎರಡನ್ನೂ ತೆರೆದು ತಳದ ನಲ್ಲಿ ಕಟ್ಟಿದರೆ ನೀರು ಒಂದೇ ಏಟಿಗೆ ಮೇಲೆ ಜಿಗಿದು ತನ್ನ ಮಟ್ಟದಲ್ಲಿ ನಿಲ್ಲಬೇಕು. ತಡವಾಗಿ, ಆಲಸ್ಯದಿಂದ ಏರಿತೋ, ಎಲ್ಲೋ ಉಪ್ಪುಗಟ್ಟಿದೆ ಎಂದೇ ಅರ್ಥ.

ಈ ಕಟ್ಟಳೆಯ ಹಿಂದೆ ಪ್ರಾಣಭಯವಿತ್ತು. ಮೇಲಿನ ದಾರಿ ಕಟ್ಟಿಕೊಂಡರೆ ಗಾಜಿನಲ್ಲಿ ಸಿಕ್ಕಿಬಿದ್ದ ಆವಿ ತಣಿದು ನೀರಾಗುತ್ತದೆ, ಮಟ್ಟ ತಾನಾಗಿ ಏರುತ್ತದೆ. ಕೆಳಗಿನ ದಾರಿ ಕಟ್ಟಿಕೊಂಡರೂ ಅಷ್ಟೇ: ಒಳಗೆ ನೀರು ಬತ್ತುತ್ತಿರುತ್ತದೆ, ಗಾಜು ಮಾತ್ರ ತುಂಬಿದಂತೆ ತೋರಿಸುತ್ತದೆ. ಕೆಟ್ಟ ಗೇಜ್ ಗ್ಲಾಸ್ ಹೇಳುವ ಸುಳ್ಳು ಹೆಚ್ಚುಕಡಿಮೆ ಯಾವಾಗಲೂ ಒಂದೇ ಕಡೆಗೆ. ‘ನೀರು ಸಾಕಷ್ಟಿದೆ’ ಎಂದು ಅದು ಹೇಳುತ್ತಿರುವಾಗಲೇ ಕುಲುಮೆಯ ಮೇಲಿನ ತಗಡು ಬರಿದಾಗಿ ಕೆಂಪಗೆ ಕಾಯುತ್ತಿರುತ್ತದೆ.

ಒತ್ತಡ ತೋರಿಸುವ ಮುಳ್ಳಿನದು ಬೇರೆ ಜಾತಿಯ ಕಾಯಿಲೆ. ಪ್ಯಾರಿಸ್‌ನ ಯೂಜೀನ್ ಬೂರ್ಡೋನ್ 1849ರಲ್ಲಿ ಹಕ್ಕುಪತ್ರ ಪಡೆದ ಆ ಸಾಧನದಲ್ಲಿ ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆಯೊಂದು ಒತ್ತಡ ಏರಿದಂತೆ ನೆಟ್ಟಗಾಗಲು ನೋಡುತ್ತದೆ. ಅದರ ತುದಿಗೆ ಕಟ್ಟಿದ ಮುಳ್ಳು ತಿರುಗುತ್ತದೆ. ವರ್ಷಗಟ್ಟಲೆ ಬಾಗಿ ನಿಮಿರಿದ ಲೋಹ ದಣಿಯುತ್ತದೆ, ಬಾಯ್ಲರ್ ತಣ್ಣಗಿದ್ದರೂ ಮುಳ್ಳು ಸೊನ್ನೆಗೆ ಮರಳುವುದಿಲ್ಲ. ಅದಕ್ಕೇ ಬಾಯ್ಲರಿನ ಮೇಲೆ ಇನ್ನೊಂದು ಸಣ್ಣ ಬಾಯಿ ಬಿಟ್ಟಿರಬೇಕೆಂಬ ನಿಯಮ. ಇನ್‌ಸ್ಪೆಕ್ಟರ್ ತನ್ನ ಚೀಲದಿಂದ ತೆಗೆದ, ಪರೀಕ್ಷೆಗೊಳಪಟ್ಟ ಗೇಜನ್ನು ಅಲ್ಲಿ ತಿರುಗಿಸಿ ಕೂರಿಸಿ, ಎರಡೂ ಮುಳ್ಳುಗಳನ್ನು ಅಕ್ಕಪಕ್ಕ ಓದುತ್ತಾನೆ.

ಅಳತೆಯ ಸಾಧನ ಎಷ್ಟು ತಪ್ಪುತ್ತದೆ ಎನ್ನುವುದು ಅರ್ಧ ಪ್ರಶ್ನೆ. ತಪ್ಪಿದಾಗ ಯಾರ ಕಡೆಗೆ ವಾಲುತ್ತದೆ ಎನ್ನುವುದು ಉಳಿದರ್ಧ. ಬಂಗಾರಪೇಟೆ ಮತ್ತು ಕೆಜಿಎಫ್ (ಕೋಲಾರದ ಚಿನ್ನದ ಗಣಿ) ಸೀಮೆಯ ಚರಿತ್ರೆಯನ್ನು ಈ ಎರಡನೆಯ ಪ್ರಶ್ನೆ ಹಿಡಿದು ಓದಿದರೆ ಚಿನ್ನದ ಕಥೆಯಲ್ಲಿ ಕಾಣದ ಕೆಲವು ಸಂಗತಿಗಳು ಮೇಲೆ ಬರುತ್ತವೆ.

ಚಿನ್ನದ ಕಥೆ ಬಹುಮಂದಿಗೆ ಗೊತ್ತಿರುವುದೇ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದಿದ್ದ ಐರಿಶ್ ಸೈನಿಕ ಮೈಕೇಲ್ ಲಾವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅದರ ಹಿಂದೆಯೇ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತವರ ಗಣಿಯ ಅನುಭವಿಗಳು, ಸುತ್ತಲಿನ ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಕೂಲಿಕಾರರು. ಅವರ ಬಾಯ್ಲರು, ಪಂಪು, ಕಬ್ಬಿಣದ ಕೊಳವೆಗಳೆಲ್ಲ ಬಂದಿಳಿಯುತ್ತಿದ್ದುದು ಮದರಾಸು ರೈಲು ಹಾದುಹೋಗುವ ಬೌರಿಂಗ್‌ಪೇಟೆಯಲ್ಲಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಹೆಸರು ಹೊತ್ತ ಆ ಊರೇ ಇಂದಿನ ಬಂಗಾರಪೇಟೆ. 1890ರ ದಶಕದಲ್ಲಿ ಅಲ್ಲಿಂದ ಗಣಿಗೆ ಕವಲು ರೈಲು ಬಿತ್ತು. ತೆಗೆದ ಚಿನ್ನದಲ್ಲಿ ಮೈಸೂರು ಸರ್ಕಾರಕ್ಕೆ ಶೇ. 5ರ ರಾಜಧನ. ಗಣಿಯ ತಕ್ಕಡಿಯ ಮೇಲೆ ದರ್ಬಾರಿಗೂ ಒಂದು ಕಣ್ಣಿತ್ತು.

ಆದರೆ ಹರಿಯುವುದನ್ನು ಅಳೆಯುವ ವಿದ್ಯೆ ಈ ಸೀಮೆಗೆ ರೈಲಿನಲ್ಲಿ ಬಂದದ್ದಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳ ಕೋಲಾರದಲ್ಲಿ ನೀರುಗಂಟಿಯೇ ಅಳತೆಗಾರ. ಕೆರೆಯ ತೂಬಿನ ಕಲ್ಲುಚಪ್ಪಡಿಯಲ್ಲಿ ಕಂಡಿಗಳು, ಕಂಡಿಗೆ ಮರದ ಬಿರಡೆ. ಎಷ್ಟು ಕಂಡಿ, ಎಷ್ಟು ಹೊತ್ತು ಎನ್ನುವುದು ಅವನ ಲೆಕ್ಕ. ಇಲ್ಲೊಂದು ಸೂಕ್ಷ್ಮವಿದೆ: ಕೆರೆ ತುಂಬಿದಾಗ ಅದೇ ಕಂಡಿಯಿಂದ ಹೆಚ್ಚು ನೀರು ನುಗ್ಗುತ್ತದೆ, ಕೆರೆ ಇಳಿದಾಗ ಕಡಿಮೆ. ಮೇಲೆ ನಿಂತ ನೀರಿನ ಆಳ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟು. ವರ್ಗಮೂಲದ ಹೆಸರು ಕೇಳದೆಯೂ ನೀರುಗಂಟಿ ಹೊತ್ತನ್ನು ಹೆಚ್ಚುಕಡಿಮೆ ಮಾಡಿ ಇದನ್ನು ಸರಿದೂಗಿಸುತ್ತಿದ್ದ. ಅವನ ಅಳತೆಯನ್ನು ಪರೀಕ್ಷಿಸುತ್ತಿದ್ದುದು ಅಚ್ಚುಕಟ್ಟಿನ ಕೊನೆಯ ಗದ್ದೆ. ಅಲ್ಲಿಗೆ ನೀರು ಮುಟ್ಟದಿದ್ದರೆ ಸುಗ್ಗಿಯಲ್ಲಿ ಕಾಳಿನ ಪಾಲು ಕೇಳಲು ಹೋದಾಗ ಅವನೇ ಉತ್ತರ ಹೇಳಬೇಕು. ತಪ್ಪಿದವನ ಕೂಲಿಯೇ ತಪ್ಪಿಗೆ ಅಂಟಿಕೊಂಡಿದ್ದ ಇಂಥ ಏರ್ಪಾಡು ಮುಂದೆ ಗಣಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಶಾಸನಗಳಲ್ಲಿ ವಿಜಯಾದಿತ್ಯಮಂಗಲ ಎನಿಸಿಕೊಂಡ ಬೇತಮಂಗಲದ ಕೆರೆ ಇಂಥ ಹಳೆಯ ಕೆರೆಗಳಲ್ಲೊಂದು. ಪಾಲಾರ್ ನದಿಯ ಈ ನೀರನ್ನೇ 20ನೇ ಶತಮಾನದ ಆರಂಭದಲ್ಲಿ ಗಣಿ ಊರಿಗೆ ಪಂಪು ಮಾಡಲಾಯಿತು. ಅಲ್ಲಿಂದ ಮುಂದೆ ನೀರಿನ ಮಾತು ಕಂಡಿ, ಹೊತ್ತುಗಳನ್ನು ಬಿಟ್ಟು ಗ್ಯಾಲನ್ನಿಗೆ ತಿರುಗಿತು. ಆ ಕಾಲದ ಎಂಜಿನಿಯರರು ನೆಚ್ಚುತ್ತಿದ್ದ ಸರಳ ಸಾಧನವೆಂದರೆ ತಗಡಿನಲ್ಲಿ ‘ವಿ’ ಆಕಾರಕ್ಕೆ ಕೊಯ್ದ ಕಚ್ಚು. ಕಚ್ಚಿನ ಮೇಲೆ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡಿದರೆ ಕೋಷ್ಟಕದಲ್ಲಿ ಹರಿವು ಸಿಗುತ್ತದೆ. ಲಂಬಕೋನದ ಕಚ್ಚಿನಲ್ಲಿ 10 ಸೆಂಟಿಮೀಟರ್ ನಿಂತರೆ ಸೆಕೆಂಡಿಗೆ ಸುಮಾರು 4.4 ಲೀಟರ್. ಎತ್ತರ ಓದುವಾಗ ನೂರಕ್ಕೆ ಒಂದು ತಪ್ಪಿದರೆ ಹರಿವಿನಲ್ಲಿ ಎರಡೂವರೆ ತಪ್ಪುತ್ತದೆ. ಚೂಪಾಗಿರಬೇಕಾದ ಅಂಚು ತುಕ್ಕು ಹಿಡಿದು ಮೊಂಡಾದರೆ ಕೋಷ್ಟಕ ಹೇಳುವುದಕ್ಕಿಂತ ಹೆಚ್ಚು ನೀರು ಸದ್ದಿಲ್ಲದೆ ದಾಟುತ್ತದೆ, ಲಾಭ ನೀರು ಪಡೆದವನಿಗೆ. ಕಚ್ಚಿನ ಆರೋಗ್ಯ ನೋಡಲು ಬೇಕಾದದ್ದು ಬೆರಳು ಮತ್ತು ಬ್ರಷ್ಷು, ಅಷ್ಟೇ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಗಣಿಗೆ ತಲುಪಿತು. ಆವಿಯ ಹಂಗು ಒಂದೊಂದಾಗಿ ಕಳಚಿತು. ಆದರೆ ಬಾಯ್ಲರಿನ ನೀರನ್ನು ನೋಡುತ್ತಿದ್ದ ಗಣಿ ಈಗ ಕಾವೇರಿಯ ನೀರನ್ನು ನೋಡಬೇಕಾಯಿತು. ಬೇಸಿಗೆಯಲ್ಲಿ ನದಿ ಇಳಿದರೆ ಕೆಜಿಎಫ್‌ಗೆ ವಿದ್ಯುತ್ತೂ ಇಳಿಯುತ್ತದೆ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಗಲು ಇದ್ದ ಕಾರಣಗಳಲ್ಲಿ ಗಣಿಗೆ ವರ್ಷವಿಡೀ ಒಂದೇ ಸಮ ವಿದ್ಯುತ್ ಕೊಡುವುದೂ ಒಂದು. ಆ ಅಣೆಕಟ್ಟಿಗೆ ಮದರಾಸಿನ ತಕರಾರಿತ್ತು. 1924ರ ಫೆಬ್ರವರಿಯ ಒಪ್ಪಂದದಲ್ಲಿ ಮೈಸೂರು ಎಷ್ಟು ನೀರು ತಡೆಯಬಹುದು ಎಂಬ ನಿಯಮವನ್ನು ನದಿಯ ಕೆಳಹರಿವಿನಲ್ಲಿರುವ ಮೇಲಣೆಯ (ಅಪ್ಪರ್ ಅನಿಕಟ್) ಬಳಿಯ ಮಟ್ಟಗೋಲಿನ ಅಡಿಗಳಿಗೆ ಕಟ್ಟಲಾಯಿತು. ಕಲ್ಲಿನ ಮೇಲೆ ಕೊರೆದ ಅಡಿಗಳು ಅಲುಗುವುದಿಲ್ಲ, ನಿಜ. ಅಲುಗುವುದು ನದಿಯ ತಳ. ಹೂಳು ತುಂಬಿ ತಳ ಏರಿದರೆ ಅಷ್ಟೇ ನೀರು ಹೆಚ್ಚು ಅಡಿ ತೋರಿಸುತ್ತದೆ, ಮೇಲಿನ ರಾಜ್ಯಕ್ಕೆ ಅನುಕೂಲ. ತಳ ಕೊರೆದರೆ ಕೆಳಗಿನದಕ್ಕೆ. ನೀರಿನ ವೇಗವನ್ನು ಆಗಾಗ ಬೇರೆಯಾಗಿ ಅಳೆದು ಕೋಲಿನ ಅಡಿಗೂ ಹರಿವಿಗೂ ಇರುವ ನಂಟನ್ನು ಹೊಸದಾಗಿ ಕಟ್ಟದೆ ಇಂಥ ಓದು ನಂಬಲರ್ಹವಾಗುವುದಿಲ್ಲ.

ಗಣಿ ಆಳಕ್ಕಿಳಿದಂತೆ ಅಳೆಯಬೇಕಾದ ಮುಖ್ಯ ದ್ರವ್ಯ ನೀರಾಗಿ ಉಳಿಯಲಿಲ್ಲ. ಅದು ಗಾಳಿ. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಇಳಿಯಿತು. ಅಲ್ಲಿನ ಬಂಡೆಯ ಕಾವು 65 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಂಡೆ ಕಾಯಿಸುವುದು ಒಂದಾದರೆ, ಕೆಳಗಿಳಿಯುವ ಗಾಳಿ ತನ್ನ ಭಾರಕ್ಕೇ ಒತ್ತಿಕೊಂಡು ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯೇರುವುದು ಇನ್ನೊಂದು. ತಳದಲ್ಲಿ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಮೂರನೇ ಒಂದು ಭಾಗಕ್ಕೂ ಮೀರಿ ಹೆಚ್ಚು. ಅಂದರೆ ಮೇಲೆ ಅಳೆದ ಒಂದು ಘನ ಅಡಿ ಗಾಳಿ ಕೆಳಗೆ ಒಂದು ಘನ ಅಡಿಯಾಗಿ ಉಳಿದಿರುವುದಿಲ್ಲ. ಲೆಕ್ಕ ತಾಳೆಯಾಗಬೇಕಾದರೆ ಸಾಂದ್ರತೆಯ ತಿದ್ದುಪಡಿ ಮಾಡಿಕೊಳ್ಳಲೇಬೇಕು.

ಗಾಳಿಯ ವೇಗ ಅಳೆಯಲು ಪುಟ್ಟ ರೆಕ್ಕೆಗಳ ಅನಿಮಾಮೀಟರ್. ಸುರಂಗದ ಅಡ್ಡಗಲಕ್ಕೆ ಅದನ್ನು ನಿಧಾನವಾಗಿ ಆಡಿಸುತ್ತಾ, ತನ್ನ ಮೈ ಗಾಳಿಗೆ ಅಡ್ಡವಾಗದಂತೆ ನಿಂತು, ಗಡಿಯಾರ ನೋಡಿ ಓದಬೇಕು. ಪ್ರತಿ ಸಾಧನಕ್ಕೂ ತಿದ್ದುಪಡಿಯ ಪಟ್ಟಿಯೊಂದು ಜೊತೆಗೆ ಬರುತ್ತದೆ, ಏಕೆಂದರೆ ಯಾವ ಎರಡು ಸಾಧನದ ರೆಕ್ಕೆಗಳೂ ಒಂದೇ ಹಗುರದಲ್ಲಿ ತಿರುಗುವುದಿಲ್ಲ. ಗಣಿಯ ಧೂಳು ಬೇರಿಂಗಿಗೆ ಹೊಕ್ಕರೆ ಅದು ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸುತ್ತದೆ. ಇದನ್ನು ಹಿಡಿಯುವ ದಾರಿ ಸುರಂಗದ ಕವಲಿನಲ್ಲೇ ಇದೆ: ಎರಡು ಕವಲಿಗೆ ಹೋದ ಗಾಳಿ ಸೇರಿಸಿದರೆ ಒಳಬಂದ ಗಾಳಿಗೆ ಸಮನಾಗಬೇಕು. ಆಗದಿದ್ದರೆ ಒಂದೋ ಎಲ್ಲೋ ಸೋರಿಕೆ, ಇಲ್ಲವೇ ಯಾವುದೋ ಓದು ಸುಳ್ಳು.

ಇದಕ್ಕಿಂತ ಮುಖ್ಯವಾದದ್ದು ಒದ್ದೆ ಬತ್ತಿಯ ಥರ್ಮಾಮೀಟರ್. ಮನುಷ್ಯನ ಮೈ ತಣಿಯುವುದು ಬೆವರು ಆರುವುದರಿಂದ. ಆದ್ದರಿಂದ ಬಿಸಿ ಗಣಿಯಲ್ಲಿ ಬರೀ ಕಾವು ಅಳೆದು ಪ್ರಯೋಜನವಿಲ್ಲ, ಒದ್ದೆ ಬಟ್ಟೆ ಸುತ್ತಿದ ಬುರುಡೆಯ ಕಾವು ನೋಡಬೇಕು ಎಂದು 1905ರಲ್ಲಿ ಜೆ.ಎಸ್. ಹಾಲ್ಡೇನ್ ತೋರಿಸಿಕೊಟ್ಟ. ಅವನು ಗಮನಿಸಿದ ಗಣಿಗಳಲ್ಲಿ ಕಾರ್ನ್‌ವಾಲ್‌ನ ಡಾಲ್ಕೋತ್ ಗಣಿಯೂ ಇತ್ತು, ಕೆಜಿಎಫ್‌ನ ಎಷ್ಟೋ ಗಣಿ ಮೇಲ್ವಿಚಾರಕರ (ಕ್ಯಾಪ್ಟನ್ನರ) ತವರು ಸೀಮೆ. ನಿಂತ ಗಾಳಿಯಲ್ಲಿ ಒದ್ದೆ ಬತ್ತಿ 31 ಡಿಗ್ರಿ ದಾಟಿದರೆ ಸುಮ್ಮನೆ ಕೂತವನ ಮೈಕಾವೂ ಏರತೊಡಗುತ್ತದೆ ಎಂಬುದು ಅವನ ಶೋಧ.

ಆ ಬತ್ತಿಯ ಆರೋಗ್ಯವೇ ಸಾಧನದ ಆರೋಗ್ಯ. ಧೂಳು ಮೆತ್ತಿದರೆ, ಉಪ್ಪುನೀರು ಹಾಕಿದ್ದರೆ, ಒಣಗಿದ್ದರೆ ಅದು ಇರುವುದಕ್ಕಿಂತ ಹೆಚ್ಚು ಕಾವು ತೋರಿಸುತ್ತದೆ. ಗಮನಿಸಬೇಕು: ಅನಿಮಾಮೀಟರೂ ಬತ್ತಿಯೂ ಕೆಟ್ಟಾಗ ಪರಿಸ್ಥಿತಿಯನ್ನು ಇರುವುದಕ್ಕಿಂತ ಕೆಟ್ಟದಾಗಿಯೇ ತೋರಿಸುತ್ತವೆ. ಗೇಜ್ ಗ್ಲಾಸಿಗೆ ಹೋಲಿಸಿದರೆ ಇವು ಕೂಲಿಕಾರನ ಪಕ್ಷಪಾತಿಗಳು. ಹಾಗಿದ್ದೂ ಜನ ಕೆಳಗೆ ಕುಸಿದುಬೀಳುತ್ತಿದ್ದರು. ಗಣಿಯ ವೈದ್ಯ ಎ. ಕ್ಯಾಪ್ಲನ್ 1944ರಲ್ಲಿ ಕೋಲಾರದ ನೆಲದಡಿಯ ಕೆಲಸಗಾರರ ಈ ಕುಸಿತಗಳ ಬಗ್ಗೆ ವಿವರವಾದ ಪ್ರಬಂಧ ಬರೆದ. 1946ರಲ್ಲಿ ಲಿಂಡ್ಸೆ ಎಂಬುವರ ಜೊತೆಗೂಡಿ, ಕಾವು ಏರಿದಂತೆ ಅವರ ದುಡಿಮೆ ಎಷ್ಟು ಇಳಿಯುತ್ತದೆ ಎಂದು ಪ್ರಯೋಗ ಮಾಡಿ ಪ್ರಕಟಿಸಿದ. ಥರ್ಮಾಮೀಟರಿನ ಓದನ್ನು ಮನುಷ್ಯನ ಮೈಯ ಎದುರು ಇಟ್ಟು ನೋಡಿದ ಕೆಲಸ ಅದು. 1930ರ ದಶಕದ ಕೊನೆಯ ಹೊತ್ತಿಗೆ ಗಾಳಿ ತಣಿಸುವ ಯಂತ್ರಗಳೂ ಬಂದಿದ್ದವು ನಿಜ. ದುಡಿಮೆ ಇಳಿಯುವುದೂ ಕಂಪನಿಗೆ ನಷ್ಟವೇ ಎಂಬ ಅರಿವು ಅವುಗಳ ಖರ್ಚಿಗೆ ಎಷ್ಟು ಪಾಲು ಕೊಟ್ಟಿತು ಎಂದು ಯೋಚಿಸಬೇಕಾದ್ದೇ.

ನೆಲದ ಮೇಲೆ, ಗಿರಣಿಯಲ್ಲಿ ಹರಿಯುತ್ತಿದ್ದುದು ಸೈನೈಡ್ ದ್ರಾವಣ. ಪುಡಿ ಮಾಡಿದ ಅದುರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ಈ ವಿಧಾನಕ್ಕೆ ಸ್ಕಾಟ್ಲೆಂಡಿನ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಹಕ್ಕುಪತ್ರ ಪಡೆದಿದ್ದರು. ದ್ರಾವಣದ ಬಲ ಕಂಡುಕೊಳ್ಳಲು ಅದಕ್ಕೆ ಬೆಳ್ಳಿಯ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತಾರೆ. ಸೈನೈಡ್ ಉಳಿದಿರುವ ತನಕ ಹನಿ ಕರಗಿಹೋಗುತ್ತದೆ, ಮುಗಿದ ಗಳಿಗೆಯಲ್ಲಿ ಮಬ್ಬು ಮೂಡುತ್ತದೆ. ಆದರೆ ಚಿನ್ನ ಹಿಡಿಯಲು ಬಳಸಿದ ಸತು ದ್ರಾವಣದಲ್ಲಿ ಉಳಿದಿದ್ದರೆ ಅದು ಕಟ್ಟಿಹಾಕಿಕೊಂಡ ಸೈನೈಡೂ ಲೆಕ್ಕಕ್ಕೆ ಸೇರಿ, ಬಲ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ನಂಬಿ ಕಡಿಮೆ ಹಾಕಿದರೆ ಚಿನ್ನ ಮರಳಿನಲ್ಲೇ ಉಳಿಯುತ್ತದೆ. ಅದು ಬಯಲಾಗುತ್ತಿದ್ದುದು ಹೊರಬಿದ್ದ ಮರಳನ್ನು ಪರೀಕ್ಷಿಸಿದಾಗ. ಕೊನೆಗೊಂದು ತಾಳೆಪಟ್ಟಿಯೂ ಇತ್ತು: ಒಳಹೋದ ಅದುರಿನ ಚಿನ್ನದಲ್ಲಿ ಹೊರಬಿದ್ದ ಮರಳಿನ ಚಿನ್ನ ಕಳೆದರೆ ಬರುವ ಅಂಕಿ, ಕುಲುಮೆಯಲ್ಲಿ ಎರಕವಾದ ಗಟ್ಟಿಯ ತೂಕಕ್ಕೆ ಹೊಂದಬೇಕು. ಹೊಂದದಿದ್ದಾಗ ಕಳ್ಳತನದ ಗುಮಾನಿ ಮೊದಲು ಬೀಳುತ್ತಿದ್ದುದು ಕೂಲಿಯವನ ಮೇಲೆ, ಪ್ರಯೋಗಶಾಲೆಯ ಸೀಸೆಯ ಮೇಲಲ್ಲ. ಊರಿನ ನಡುವೆ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮರಳಿದೆ. ಅದರಲ್ಲಿ ಉಳಿದ ಚಿನ್ನಕ್ಕಾಗಿ ಸರ್ಕಾರಗಳು ಆಗಾಗ ಲೆಕ್ಕ ಹಾಕುತ್ತಲೇ ಇರುತ್ತವೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಶಾಫ್ಟುಗಳಲ್ಲಿ ನೀರೇರಿತು. 1964ರಲ್ಲಿ ಹುಟ್ಟಿದ ಬೆಮೆಲ್‌ನ ಕಾರ್ಖಾನೆಗಳು ಮಾತ್ರ ಊರಲ್ಲಿ ಉಳಿದು, ಬುಲ್ಡೋಜರುಗಳ ಹೈಡ್ರಾಲಿಕ್ ಎಣ್ಣೆಯ ಒತ್ತಡಕ್ಕೆ ಮುಳ್ಳು ನೋಡುವ ಕೆಲಸವನ್ನು ಮುಂದುವರಿಸಿವೆ.

ಹರಿವಿನ ತಕರಾರು ಈಗ ಬಯಲಿಗೆ ಬಂದಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ಗುರಿ ದಿನಕ್ಕೆ 44 ಕೋಟಿ ಲೀಟರ್. ಮರುತಿಂಗಳೇ ನೊರೆ ಕಾಣಿಸಿಕೊಂಡು ವಿವಾದ ಹೈಕೋರ್ಟಿನ ಮೆಟ್ಟಿಲೇರಿತು, ಆಮೇಲೆ ಸುಪ್ರೀಂ ಕೋರ್ಟಿನದು. ಬರುವ ನೀರು ಹೇಳಿದಷ್ಟಿದೆಯೇ, ಹೇಳಿದಷ್ಟು ಶುದ್ಧವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ರೈತರು ಇನ್ನೂ ಬಿಟ್ಟಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಮೀಟರಿನಿಂದ. ಇಂಥ ಭಾರಿ ಕೊಳವೆಗಳಿಗೆ ಇಂದು ಸಾಮಾನ್ಯವಾಗಿ ಬಳಸುವ ವಿದ್ಯುತ್ಕಾಂತೀಯ ಮೀಟರಿನ ಮೂಲ ತತ್ವ ಮೈಕೇಲ್ ಫ್ಯಾರಡೆಯದು. 1832ರಲ್ಲಿ ಅವನು ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಂತಿ ಇಳಿಬಿಟ್ಟು, ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವ ನೀರು ಹುಟ್ಟಿಸುವ ವಿದ್ಯುತ್ತನ್ನು ಹಿಡಿಯಲು ನೋಡಿ ಸೋತಿದ್ದ. ಈಗಿನ ಮೀಟರಿನಲ್ಲಿ ಕಾಂತ ಕೊಳವೆಯ ಸುತ್ತಲೇ ಇದೆ, ಸೋಲು ಅಪರೂಪ. ಆದರೆ ಕೊಳವೆ ಪೂರ್ತಿ ತುಂಬಿದೆ ಎಂದುಕೊಂಡೇ ಅದು ಲೆಕ್ಕ ಹಾಕುತ್ತದೆ. ಅರ್ಧ ತುಂಬಿ ಹರಿದರೆ ಇರುವುದಕ್ಕಿಂತ ಹೆಚ್ಚು ನೀರು ತೋರಿಸುತ್ತದೆ. ಅಂದರೆ ವಾಲುವುದು ನೀರು ಕಳಿಸುವವರ ಕಡೆಗೆ, ಪಡೆಯುವವರ ಕಡೆಗಲ್ಲ.

ಇಂಥ ಮೀಟರುಗಳನ್ನು ಪರೀಕ್ಷಿಸಲೆಂದೇ ಪಾಲಕ್ಕಾಡ್‌ನ ಕಂಜಿಕೋಡ್‌ನಲ್ಲಿ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಇಂಥ ಪ್ರಯೋಗಶಾಲೆಗಳಲ್ಲಿ ಅಂತಿಮ ತೀರ್ಪು ಕೊಡುವುದು ತೊಟ್ಟಿ, ತಕ್ಕಡಿ ಮತ್ತು ಗಡಿಯಾರ: ಮೀಟರ್ ದಾಟಿದ ನೀರನ್ನು ಗೊತ್ತಾದ ಹೊತ್ತು ತೊಟ್ಟಿಗೆ ತಿರುಗಿಸಿ ತೂಗುತ್ತಾರೆ. ಕೋಲಾರಕ್ಕೆ ನೀರು ತರುವಂಥ ಕೊಳವೆಯ ಮೀಟರನ್ನು ಕಿತ್ತು ಅಷ್ಟು ದೂರ ಒಯ್ಯುವುದು ಸುಲಭವಲ್ಲ. ಇದ್ದಲ್ಲೇ ಹೊರಗಿನಿಂದ ಅಲ್ಟ್ರಾಸಾನಿಕ್ ಸಾಧನ ಬಿಗಿದು ಎರಡೂ ಓದುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು, ಬಾಯ್ಲರ್ ಇನ್‌ಸ್ಪೆಕ್ಟರನ ಕ್ರಮದಲ್ಲೇ. ಲಕ್ಷ್ಮೀಸಾಗರದ ಅಂಚಿನಲ್ಲಿ ಹಾಗೆ ಓದುವಾಗ ಕೆರೆಯ ಕೆಳಗಿನ ಅಚ್ಚುಕಟ್ಟಿನವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ತಾಂತ್ರಿಕ ಅಡ್ಡಿಯೇನೂ ಇಲ್ಲ.