ಪೊರೆ ಬಲಿಯಲಿ ಎಂದು ಕಾದವರು

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ವಯಸ್ಸಾದವರ ಕಣ್ಣು ಮಂಜಾದರೆ ಅದಕ್ಕೆ ಇರುವುದು ಒಂದೇ ಹೆಸರು, ಪೊರೆ. "ಇನ್ನೂ ಬಲ್ತಿಲ್ಲ, ಬಲೀಲಿ ತಡಿ" ಅನ್ನುವ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಈ ಮಾತಿನ ಹಿಂದೆ ಒಂದು ಇತಿಹಾಸವೇ ಇದೆ.

ಒಂದು ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ಆಗಿನ ಆಪರೇಷನ್ನಿನಲ್ಲಿ ಕಣ್ಣಿನ ಮಸೂರ ತೆಗೆದು, ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. ಆದ್ದರಿಂದ ನೋಟ ಹೆಚ್ಚುಕಮ್ಮಿ ಪೂರ್ತಿ ಹೋಗುವ ತನಕ ಕಾಯಿಸುತ್ತಿದ್ದರು. ಬೆಂಗಳೂರಿನ ಮಿಂಟೋ ಆಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದಿದ್ದು 1913ರಲ್ಲಿ. ಮಂಡ್ಯ, ಮದ್ದೂರಿನವರಿಗೆ ಅಲ್ಲಿಗೆ ಹೋಗಲು ರೈಲಾದರೂ ಇತ್ತು, ಮಳವಳ್ಳಿಗೆ ಅದೂ ಇಲ್ಲ. ಕಣ್ಣು ಕಾಣದವರನ್ನು ಕೈಹಿಡಿದು ಕರೆದೊಯ್ಯುವವರ ಕೂಲಿಯೂ ಹೋಗುತ್ತಿತ್ತು.

ಹೀಗಿದ್ದಾಗ ಆಸ್ಪತ್ರೆಯನ್ನೇ ಊರಿಗೆ ತಂದವರು ಬೀಳಗಿಯ ಡಾ. ಎಂ.ಸಿ. ಮೋದಿ. ಛತ್ರ, ಶಾಲೆ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲೇ ಶಿಬಿರ. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿ ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಮುಖ್ಯವಾಗಿ ಪೊರೆಯ ಮೇಲೇ ನಿಂತಿತು. ಕತ್ತಲಾಗಿದ್ದ ಕಣ್ಣಿಗೆ ವಾರದಲ್ಲಿ ಬೆಳಕು! ಇದಕ್ಕಿಂತ ದೊಡ್ಡ ಪುಣ್ಯ ಏನಿದೆ ಹೇಳಿ.

ಆದರೆ ಈ ಗೆಲುವೇ ಜನಕ್ಕೆ ಒಂದು ಪಾಠ ಕಲಿಸಿಬಿಟ್ಟಿತು... ಕಣ್ಣು ಹೋದರೂ ಶಿಬಿರಕ್ಕೆ ಹೋದರೆ ವಾಪಸ್ ಬರುತ್ತೆ ಅಂತ.

ಗ್ಲಾಕೋಮಾ ಈ ಪಾಠಕ್ಕೆ ಬಗ್ಗುವ ಕಾಯಿಲೆ ಅಲ್ಲ. ಕಣ್ಣೊಳಗಿನ ನೀರು ಸರಿಯಾಗಿ ಹೊರಹೋಗದೆ ಒತ್ತಡ ಏರುತ್ತೆ, ಹಿಂದಿರುವ ನರ ಸಾಯುತ್ತಾ ಹೋಗುತ್ತೆ. ಬಹಳ ಜನಕ್ಕೆ ನೋವೂ ಇಲ್ಲ, ಕೆಂಪೂ ಇಲ್ಲ. ಮೊದಲು ಹೋಗುವುದು ಪಕ್ಕದ ನೋಟ. ಮಳವಳ್ಳಿ ಕಡೆಯ ನಮ್ಮ ದೊಡ್ಡಪ್ಪ ಎದುರಿಗೆ ನಿಂತವರ ಗುರುತು ಹಿಡಿಯುತ್ತಿದ್ದರು, ಆದರೆ ಗದ್ದೆ ಬದುವಿನ ಮೇಲೆ ಎಡವುತ್ತಿದ್ದರು. ಮನೆಯವರೆಲ್ಲ ಪೊರೆ ಬಲಿಯಲಿ ಅಂತ ಎರಡು ವರ್ಷ ಕಾದರು. ಕೊನೆಗೆ ಡಾಕ್ಟರು ನೋಡಿ "ಇದು ಪೊರೆ ಅಲ್ಲ, ಹೋಗಿರುವ ನೋಟ ಬರಲ್ಲ, ಉಳಿದಿದ್ದನ್ನು ಉಳಿಸಿಕೊಳ್ಳೋಣ" ಅಂದರು. ದೊಡ್ಡಪ್ಪ ಕೇಳಿದ್ದು ಒಂದೇ ಮಾತು, "ಆಪ್ರೇಸನ್ ಮಾಡುದ್ರೂ ಬರಾಕಿಲ್ವಾ?"

ಚಿಕಿತ್ಸೆ ಇರಲಿಲ್ಲ ಅಂತಲ್ಲ. ಜರ್ಮನಿಯ ಫಾನ್ ಗ್ರೇಫ್ 1857ರಲ್ಲೇ ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆ ತೋರಿಸಿದ್ದ. ನಮ್ಮ ಪಕ್ಕದ ಮದರಾಸಿನ ಕಣ್ಣಾಸ್ಪತ್ರೆಯಲ್ಲಿ ರಾಬರ್ಟ್ ಎಲಿಯಟ್ 1909ರಲ್ಲಿ, ನೀರು ಹೊರಹೋಗಲು ಕಣ್ಣಿಗೆ ಸಣ್ಣ ರಂಧ್ರ ಕೊರೆಯುವ ವಿಧಾನ ಶುರುಮಾಡಿದ, ಅದು ಜಗತ್ತಿಗೆಲ್ಲ ಹಬ್ಬಿತು. 1970ರ ದಶಕದ ಕೊನೆಗೆ ಟಿಮೊಲಾಲ್ ಹನಿ ಬಂತು. ಆದರೆ ಇವೆಲ್ಲ ನೋಟ ಉಳಿಸುತ್ತವೆ, ಹೋದದ್ದನ್ನು ತರುವುದಿಲ್ಲ. ಹನಿಯನ್ನಂತೂ ದಿನಾ, ಬಹುಮಟ್ಟಿಗೆ ಜೀವನಪೂರ್ತಿ ಹಾಕಬೇಕು. ಬಂದು ಹೋಗುವ ಶಿಬಿರಕ್ಕೆ ಈ ಕೆಲಸ ಒಗ್ಗುವುದಿಲ್ಲ. ಏನೂ ಸುಧಾರಿಸಿದಂತೆ ಕಾಣದ ಔಷಧಿಗೆ ತಿಂಗಳು ತಿಂಗಳು ದುಡ್ಡು ಹಾಕಲು ಕೂಲಿಯವರಿಗೆ ಮನಸ್ಸಾದರೂ ಹೇಗೆ ಬರಬೇಕು?

ತಮಿಳುನಾಡಿನ ಹಳ್ಳಿಗಳಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ಮಾಡಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸಾಮಾನ್ಯ ಬಗೆಯ ಗ್ಲಾಕೋಮಾ ಇದ್ದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಅಲ್ಲಿಯವರೆಗೆ ಪತ್ತೆಯೇ ಆಗಿರಲಿಲ್ಲ. ನಮ್ಮ ಕಡೆಯ ಕಥೆ ಬಹಳ ಬೇರೆ ಇರಲಿಕ್ಕಿಲ್ಲ ಅಂತ ನನಗನ್ನಿಸುತ್ತೆ.

ಈಗ ಪೊರೆಗೂ ಕಾಯಬೇಕಾಗಿಲ್ಲ, ಒಳಗೇ ಲೆನ್ಸ್ ಹಾಕುತ್ತಾರೆ. ಆದರೆ ಮಾತು ಮಾತ್ರ ಉಳಿದುಕೊಂಡಿದೆ. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಕನ್ನಡಕದ ನಂಬರ್ ಜೊತೆಗೆ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ "ಬಲೀಲಿ ತಡಿ" ಅಂದರೆ, ತಡೀಬೇಡಿ.

ಅಂದಹಾಗೆ, ಪೊರೆಗೆ ಇರುವಂತೆ ಈ ಕಾಯಿಲೆಗೂ ನಿಮ್ಮೂರ ಕಡೆ ಒಂದು ಅಚ್ಚಗನ್ನಡ ಹೆಸರಿದೆಯೇ? ಇದ್ದರೆ ತಿಳಿಸಿ. ಹೆಸರಿಲ್ಲದ ಕಾಯಿಲೆಗೆ ಹೆದರುವುದನ್ನು ಜನಕ್ಕೆ ಕಲಿಸುವುದು ಕಷ್ಟ.